ಚನ್ನಗಿರಿಯ ಧೋಂಡಿಯ ವಾಘ್: ಒಂದು ದಂಡಿನ ಹೊಟ್ಟೆಯ ಲೆಕ್ಕ

ಚನ್ನಗಿರಿಯಲ್ಲಿ ಹುಟ್ಟಿದ ಒಬ್ಬ ಸಾಮಾನ್ಯ ಕುದುರೆ ಸವಾರ ಇಂಗ್ಲಿಷರ ಕಂಪನಿ ಸರ್ಕಾರದ ನಿದ್ದೆಯನ್ನು ಒಂದು ವರ್ಷ ನಾಲ್ಕು ತಿಂಗಳು ಕೆಡಿಸಿದ. ಅವನ ಹೆಸರು ಧೋಂಡಿಯ ವಾಘ್. ಈಗಿನ ಹತ್ತನೇ ತರಗತಿಯ ಸಮಾಜ ವಿಜ್ಞಾನ ಪುಸ್ತಕದಲ್ಲಿ ಅವನ ಪಾಠವಿದೆ, ಆದ್ದರಿಂದ ನಮ್ಮ ಶಾಲೆಯ ಮಕ್ಕಳಿಗೆ ಅವನು ಹೊಸಬನಲ್ಲ. ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ನಮ್ಮ ಗುರುಗಳು ಹೇಳಿದಾಗ, ನಾನು ಕಂಪ್ಯೂಟರ್ ಬಗ್ಗೆ ಬರೆಯುತ್ತೇನೆಂದು ಅವರು ಅಂದುಕೊಂಡಿದ್ದರೇನೋ. ನನಗೆ ಮಾತ್ರ ಧೋಂಡಿಯನ ಬಗ್ಗೆ ಬರೆಯಬೇಕೆನಿಸಿತು. ಅವನು ಮಾಡಿದ ಯುದ್ಧಗಳಿಗಿಂತ ಅವನ ದಂಡು ದಿನಾ ಏನು ತಿನ್ನುತ್ತಿತ್ತು, ಯಾರ ಮಾತು ಕೇಳುತ್ತಿತ್ತು, ಸಂಬಳ ಎಲ್ಲಿಂದ ಬರುತ್ತಿತ್ತು ಎಂಬುದು ನನ್ನನ್ನು ಬಹಳ ದಿನಗಳಿಂದ ಕಾಡಿದೆ.

ಇದಕ್ಕೆ ನನ್ನ ಕಸುಬೂ ಕಾರಣವಿರಬಹುದು. ನಾವು ಒಂದು ಸಾಫ್ಟ್‌ವೇರ್ ಬಿಡುಗಡೆ ಮಾಡುವ ದಿನ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಸಿಹಿ ಹಂಚುತ್ತಾರೆ. ಮರುದಿನದಿಂದ ಅದನ್ನು ಹಗಲೂ ರಾತ್ರಿ ನಿಲ್ಲದಂತೆ ನಡೆಸುವವರ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ದಂಡಿನ ಕಥೆಯೂ ಹಾಗೆಯೇ. ಕಾದಾಟ ನಡೆಯುವುದು ವರ್ಷದಲ್ಲಿ ನಾಲ್ಕೈದು ದಿನ. ಉಳಿದ ಮುನ್ನೂರ ಅರವತ್ತು ದಿನ ಮನುಷ್ಯರು ಉಣ್ಣಬೇಕು, ಕುದುರೆಗಳು ಮೇಯಬೇಕು, ಕಾವಲು ಬದಲಾಗಬೇಕು, ಕಳ್ಳತನ ಮಾಡಿದವನಿಗೆ ಶಿಕ್ಷೆಯಾಗಬೇಕು. ಪಾಠಪುಸ್ತಕದಲ್ಲಿ ಈ ಮುನ್ನೂರ ಅರವತ್ತು ದಿನಗಳಿಗೆ ಜಾಗವಿಲ್ಲ.

ಧೋಂಡಿಯ ಹುಟ್ಟಿದ್ದು ಮರಾಠಾ ಮನೆತನದಲ್ಲಿ. ವಾಘ್ ಎಂದರೆ ಮರಾಠಿಯಲ್ಲಿ ಹುಲಿ. ಚನ್ನಗಿರಿಯ ಜಾಗವೇ ಅಂಥದ್ದು. ಪಶ್ಚಿಮಕ್ಕೆ ಮಲೆನಾಡು, ಪೂರ್ವಕ್ಕೆ ಬಯಲುಸೀಮೆ. ಒಂದು ಕಡೆ ಕೆಳದಿಯ ಅರಸರು, ಇನ್ನೊಂದು ಕಡೆ ಚಿತ್ರದುರ್ಗದ ನಾಯಕರು, ಮೇಲಿಂದ ಮರಾಠರು, ಕೆಳಗಿಂದ ಮೈಸೂರು. ಇವತ್ತು ಬೆಟ್ಟದ ಮೇಲಿನ ಕೋಟೆಗೆ ಹೋಗಿ ರಂಗನಾಥಸ್ವಾಮಿಗೆ ಕೈಮುಗಿದು ಸುತ್ತ ನೋಡಿದರೆ ಕಾಣುವುದು ಅಡಿಕೆ ತೋಟದ ಹಸಿರು. ಆಗ ಆ ಗೋಡೆಯ ಮೇಲೆ ನಿಂತವನು ನೋಡುತ್ತಿದ್ದದ್ದು ಯಾವ ದಿಕ್ಕಿನಿಂದ ಧೂಳು ಏಳುತ್ತಿದೆ ಎಂದು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ, 1779ರಲ್ಲಿ ಚಿತ್ರದುರ್ಗವನ್ನು. ಈ ಸೀಮೆಯಲ್ಲಿ ಕುದುರೆ ಹತ್ತಬಲ್ಲ ಹುಡುಗನಿಗೆ ಆಗ ಇದ್ದ ದೊಡ್ಡ ನೌಕರಿ ಹೈದರನ ಕುದುರೆ ಪಡೆ. ಧೋಂಡಿಯ ಅಲ್ಲಿಗೇ ಸೇರಿದ.

ಹೈದರನ ಪಡೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಧೋಂಡಿಯನ ಪಾಲಿಗೆ ಅದೇ ಶಾಲೆ. ಅಲ್ಲಿ ಮೂರು ಬಗೆಯ ಸವಾರರಿದ್ದರು. ಮೊದಲನೆಯವರು ಸರ್ಕಾರದ ಲಾಯದ ಕುದುರೆ ಹತ್ತಿದವರು. ಕುದುರೆ, ಜೀನು, ಆಯುಧ ಎಲ್ಲವೂ ಸರ್ಕಾರದ್ದು, ಅವರಿಗೆ ಸಂಬಳ ಮಾತ್ರ. ಎರಡನೆಯವರು ಸಿಲೇದಾರರು. ಇವರು ಸ್ವಂತ ಕುದುರೆ, ಸ್ವಂತ ಕತ್ತಿ ತಂದು ನೌಕರಿಗೆ ನಿಂತವರು. ಇವತ್ತು ಸ್ವಂತ ಕಾರು ತಂದು ಕಂಪನಿಗೆ ಬಾಡಿಗೆ ಓಡಿಸುವವರಿದ್ದಾರಲ್ಲ, ಹೆಚ್ಚು ಕಡಿಮೆ ಹಾಗೆ. ಕುದುರೆ ಸತ್ತರೆ ಬದುಕೇ ಹೋಯಿತು. ಹಾಗಾಗಿ ಸಿಲೇದಾರ ಕಾಳಗದಲ್ಲಿ ತನ್ನ ತಲೆಗಿಂತ ಕುದುರೆಯ ತಲೆಯನ್ನು ಹೆಚ್ಚು ಕಾಯುತ್ತಿದ್ದ. ಮೂರನೆಯವರು ಪಿಂಡಾರಿಗಳು. ಇವರಿಗೆ ಸಂಬಳವಿಲ್ಲ, ಶತ್ರುವಿನ ಸೀಮೆಯಲ್ಲಿ ಸಿಕ್ಕಿದ್ದರಲ್ಲಿ ಸರ್ಕಾರಕ್ಕೊಂದು ಪಾಲು ಒಪ್ಪಿಸಿ ಉಳಿದದ್ದನ್ನು ತಾವು ಇಟ್ಟುಕೊಳ್ಳಬೇಕು. ಹೈದರನಿಗೆ ಓದು ಬರಹ ಬರುತ್ತಿರಲಿಲ್ಲ, ಆದರೆ ನೆನಪಿನ ಶಕ್ತಿ ಅಸಾಧ್ಯ. ಲೆಕ್ಕ ಬರೆಯುವ ಮುತ್ಸದ್ದಿ, ಬಟವಾಡೆ ಮಾಡುವ ಬಕ್ಷಿ, ಇವರ ಮೇಲೆ ಅವನ ಕಣ್ಣು ಇದ್ದೇ ಇರುತ್ತಿತ್ತು.

ಮಗ ಟಿಪ್ಪು ಇದನ್ನೆಲ್ಲ ಬರಹಕ್ಕೆ ಇಳಿಸಿದ. ಝೈನುಲ್ ಆಬಿದೀನ್ ಶುಸ್ತರಿ ಎಂಬ ವಿದ್ವಾಂಸನಿಂದ ಪಾರ್ಸಿ ಭಾಷೆಯಲ್ಲಿ ಫತ್ಹುಲ್ ಮುಜಾಹಿದೀನ್ ಎಂಬ ಸೇನಾ ಕೈಪಿಡಿಯನ್ನೇ ಬರೆಸಿದ. ಕವಾಯತಿನ ಆಜ್ಞೆಗಳು, ಯಾವ ಅಧಿಕಾರಿಗೆ ಯಾವ ಹೊಣೆ, ಪಡೆಯನ್ನು ಹೇಗೆ ಭಾಗ ಮಾಡಬೇಕು ಎಂಬುದೆಲ್ಲ ಅದರಲ್ಲಿತ್ತು. ಕಷೂನಿಗೆ ಸಿಪಾಹ್‌ದಾರ, ಅದರೊಳಗಿನ ರಿಸಾಲೆಗೆ ರಿಸಾಲ್ದಾರ, ಅದರೊಳಗಿನ ಜೌಕಿಗೆ ಜೌಕ್‌ದಾರ. ನಮ್ಮ ಆಫೀಸಿನ ಚಾರ್ಟ್ ನೋಡಿದವರಿಗೆ ಇದು ಹೊಸದೆನಿಸುವುದಿಲ್ಲ.

ಇಂಥ ಪಡೆಯಲ್ಲಿ ಬೆಳೆದ ಧೋಂಡಿಯ ಮೂರನೇ ಮೈಸೂರು ಯುದ್ಧದ ಹೊತ್ತಿಗೆ, ಅಂದರೆ 1790 ಮತ್ತು 1792ರ ನಡುವೆ, ಗದ್ದಲದಲ್ಲಿ ಸ್ವಲ್ಪ ಹಣ, ಕೆಲವು ಜನರನ್ನು ಕಟ್ಟಿಕೊಂಡು ನೌಕರಿ ಬಿಟ್ಟು ಉತ್ತರಕ್ಕೆ ಹೋದ. ಧಾರವಾಡದ ಸೀಮೆಯಲ್ಲಿ ತನ್ನದೇ ಗುಂಪು ಕಟ್ಟಿ 1793ರಲ್ಲಿ ಹಾವೇರಿ, ಸವಣೂರುಗಳನ್ನು ಹಿಡಿದ. ಆ ಸೀಮೆ ಮರಾಠರದ್ದು. ಅಲ್ಲಿನ ಮರಾಠಾ ಸರದಾರ ಧೋಂಡೋಪಂತ ಗೋಖಲೆ ಇವನನ್ನು ಸೋಲಿಸಿ ಅಟ್ಟಿದ. ಈ ಗೋಖಲೆಯ ಹೆಸರು ನೆನಪಿಡಿ, ಮುಂದೆ ಮತ್ತೆ ಬರುತ್ತದೆ. 1794ರಲ್ಲಿ ಧೋಂಡಿಯ ಬೇರೆ ದಾರಿಯಿಲ್ಲದೆ ಟಿಪ್ಪುವಿನ ಹತ್ತಿರ ವಾಪಸು ಬಂದ. ಟಿಪ್ಪು ಅವನನ್ನು ಇಸ್ಲಾಂಗೆ ಮತಾಂತರಿಸಿ ಮಲಿಕ್ ಜಹಾನ್ ಖಾನ್ ಎಂದು ಹೆಸರಿಟ್ಟ. ಆದರೂ ನಂಬಿಕೆ ಕುದುರಲಿಲ್ಲ. ಶ್ರೀರಂಗಪಟ್ಟಣದ ಸೆರೆಯಲ್ಲಿ ಬೇಡಿ ಹಾಕಿ ಕೂರಿಸಿದರು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಆ ಗದ್ದಲದಲ್ಲಿ ಸೆರೆಮನೆಯ ಬಾಗಿಲು ತೆರೆಯಿತು, ಧೋಂಡಿಯ ಹೊರಗೆ ಬಂದ. ಅವನು ಹೊರಗೆ ಬಂದದ್ದನ್ನೇ ಎಲ್ಲರೂ ಹೇಳುತ್ತಾರೆ. ಅವನ ಹಿಂದೆ ಸಾವಿರಾರು ಜನ ಯಾಕೆ ಹೋದರು ಎಂಬುದು ನನಗೆ ಅದಕ್ಕಿಂತ ಮುಖ್ಯ.

ಒಂದು ದಿನದಲ್ಲಿ ಒಂದು ದೊಡ್ಡ ಸೈನ್ಯಕ್ಕೆ ಯಜಮಾನನೇ ಇಲ್ಲದಂತಾಯಿತು. ಇಂಗ್ಲಿಷರು, ನಿಜಾಮ ರಾಜ್ಯದ ಅಂಚುಗಳನ್ನು ಹಂಚಿಕೊಂಡರು. ಉಳಿದ ಮೈಸೂರಿಗೆ ಐದು ವರ್ಷದ ಮಗು ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿ ಪೂರ್ಣಯ್ಯನವರನ್ನು ದಿವಾನರನ್ನಾಗಿ ಮಾಡಿದರು. ಟಿಪ್ಪುವಿನ ದೊಡ್ಡ ಸರದಾರರಿಗೆ, ಕಿಲ್ಲೇದಾರರಿಗೆ ಪಿಂಚಣಿ ಕೊಟ್ಟರು. ಪೂರ್ಣಯ್ಯನವರು ಒಂದಷ್ಟು ಸಿಲೇದಾರರನ್ನು ಮೈಸೂರಿನ ಚಾಕರಿಗೆ ಇಟ್ಟುಕೊಂಡರು. ಮಿಕ್ಕವರಿಗೆ? ಕುದುರೆ ಇದೆ, ಕತ್ತಿ ಇದೆ, ಕೈಯಲ್ಲಿ ಕಸುಬು ಇದೆ, ಸಂಬಳ ಕೊಡುವವರು ಮಾತ್ರ ಇಲ್ಲ. ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಹತ್ತು ನಿಮಿಷದ ವಿಡಿಯೋ ಕರೆಯಲ್ಲಿ ನನ್ನ ತಂಡದ ಮೂವರ ಕೆಲಸ ಹೋಯಿತು. ಮೂವರೂ ಚೆನ್ನಾಗಿ ಕೆಲಸ ಬಲ್ಲವರೇ. ಅವರಿಗೆ ಪದವಿಪತ್ರವಿತ್ತು, ಬೇರೆ ಕಂಪನಿಗಳಿದ್ದವು, ಊರಿನಲ್ಲಿ ಅಪ್ಪ ಅಮ್ಮ ಇದ್ದರು. 1799ರ ಸವಾರನಿಗೆ ಮನೆಯ ಹಿತ್ತಲಲ್ಲಿ ಕಟ್ಟಿದ ಕುದುರೆಯೊಂದೇ ಆಸ್ತಿ. ಆ ಆಸ್ತಿ ದಿನಕ್ಕೆ ಎರಡು ಹೊತ್ತು ತಿನ್ನುತ್ತಿತ್ತು.

ಇಂಥವರನ್ನು ಧೋಂಡಿಯ ಒಟ್ಟು ಮಾಡಿದ. ಬೇರೆ ಬೇರೆ ಜಾತಿ, ಬೇರೆ ಬೇರೆ ಧರ್ಮದವರು. ನಿನ್ನೆಯವರೆಗೆ ಟಿಪ್ಪುವಿನ ಚಾಕರಿಯಲ್ಲಿದ್ದವರು, ಜೊತೆಗೆ ಅಧಿಕಾರ ಕಳೆದುಕೊಂಡ ಪಾಳೆಯಗಾರರ ಕಡೆಯವರು. ಬಿದನೂರು ಸೀಮೆ, ಶಿವಮೊಗ್ಗ, ಹೊನ್ನಾಳಿ, ಶಿಕಾರಿಪುರಗಳೆಲ್ಲ ಕೆಲವೇ ವಾರಗಳಲ್ಲಿ ಅವನ ಕೈಸೇರಿದವು. ಅಲ್ಲಿನ ಕೋಟೆಗಳಲ್ಲಿ ತನ್ನವರನ್ನು ಕೂರಿಸಿದ. ಆಮೇಲಾಮೇಲೆ ಅವನು ತನ್ನನ್ನು ಉಭಯ ಲೋಕಾಧೀಶ್ವರ, ಅಂದರೆ ಇಹ ಪರ ಎರಡೂ ಲೋಕಗಳ ದೊರೆ, ಎಂದು ಕರೆದುಕೊಂಡ. ನಗು ಬರುತ್ತದೆ ನಿಜ. ಆದರೆ ರಾಜಮನೆತನದ ಹೆಸರಿಲ್ಲದ, ಬೊಕ್ಕಸವಿಲ್ಲದ ಮನುಷ್ಯ ಸಾವಿರಾರು ಜನರನ್ನು ಹಿಡಿದಿಡಬೇಕಾದರೆ ಏನಾದರೂ ದೊಡ್ಡದನ್ನು ಹೇಳಲೇಬೇಕಿತ್ತು.

ಇನ್ನು ನನ್ನನ್ನು ಕಾಡಿದ ಲೆಕ್ಕಕ್ಕೆ ಬರುತ್ತೇನೆ. ಅವನ ಹತ್ತಿರ ಒಂದು ಕಾಲಕ್ಕೆ 40,000 ಜನ ಇದ್ದರು ಎಂದು ಅಂದಾಜು ಮಾಡಿದವರಿದ್ದಾರೆ. ಅಷ್ಟು ಬೇಡ. ಕೊನೆಯ ಕಾಳಗದಲ್ಲಿ ಅವನ ಜೊತೆ ಇದ್ದ ಸವಾರರು ಸುಮಾರು 5,000. ಅದನ್ನೇ ಹಿಡಿಯೋಣ. ಕೆಲಸ ಮಾಡುವ ಕುದುರೆಗೆ ದಿನಕ್ಕೆ 3 ಕಿಲೋ ಹುರುಳಿ, 10 ಕಿಲೋ ಹುಲ್ಲು ಎಂದು ಕಡಿಮೆಯಲ್ಲೇ ಇಟ್ಟುಕೊಳ್ಳಿ. 5,000 ಕುದುರೆಗೆ ದಿನಕ್ಕೆ 150 ಕ್ವಿಂಟಾಲ್ ಹುರುಳಿ. ನಮ್ಮ ಕಡೆ ಮಳೆಯಾಶ್ರಯದಲ್ಲಿ ಎಕರೆಗೆ 3 ಕ್ವಿಂಟಾಲ್ ಹುರುಳಿ ಬಂದರೆ ಸಾಕಪ್ಪಾ ಎನ್ನುತ್ತೇವೆ. ಅಂದರೆ 50 ಎಕರೆಯ ಬೆಳೆ ಒಂದು ದಿನಕ್ಕೆ ಖಾಲಿ. ಹೇರೆತ್ತಿನ ಬೆನ್ನಿಗೆ ಒಂದು ಕ್ವಿಂಟಾಲ್ ಹೇರಿದರೆ ದಿನಕ್ಕೆ 150 ಎತ್ತು ಬೇಕು. ಹತ್ತು ದಿನದ ದಾಸ್ತಾನು ಜೊತೆಗೆ ಒಯ್ಯಬೇಕೆಂದರೆ 1,500 ಎತ್ತು, ಆ ಎತ್ತುಗಳ ಮೇವು ಬೇರೆ. ಹುಲ್ಲು 50 ಟನ್. ಈಗಿನ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಎರಡು ಟನ್ ಹಿಡಿಸಿದರೂ 25 ಲೋಡು, ಪ್ರತಿದಿನ. ಮಳೆ ಕೈಕೊಟ್ಟ ವರ್ಷ ಜಗಳೂರಿನ ಕಡೆ ಒಂದು ಲೋಡು ಹುಲ್ಲಿಗಾಗಿ ಪಡುವ ಪಾಡು ನೋಡಿದವರಿಗೆ ಈ ಲೆಕ್ಕದ ಭಾರ ಬಿಡಿಸಿ ಹೇಳಬೇಕಿಲ್ಲ. ಮನುಷ್ಯರ ರಾಗಿ, ಜೋಳ, ಅಕ್ಕಿ, ಉಪ್ಪು, ಎಣ್ಣೆ, ಎಲೆ ಅಡಿಕೆ ಇದರಲ್ಲಿ ಸೇರಿಲ್ಲ.

ಹೈದರನ ದಂಡಿಗೂ ಇದೇ ಹೊಟ್ಟೆ ಇತ್ತು. ವ್ಯತ್ಯಾಸವೇನೆಂದರೆ ಹೈದರನ ಹಿಂದೆ ಒಂದು ರಾಜ್ಯವಿತ್ತು. ಅಮಲ್ದಾರರು ಕಂದಾಯ ವಸೂಲು ಮಾಡುತ್ತಿದ್ದರು, ಕೋಟೆಗಳ ಕಣಜ ತುಂಬಿರುತ್ತಿತ್ತು, ಅಮೃತ ಮಹಲಿನ ಎತ್ತುಗಳು ತೋಪು ಎಳೆಯುತ್ತಿದ್ದವು. ಆ ವ್ಯವಸ್ಥೆಯಲ್ಲಿ ಕುದುರೆ ಓಡಿಸುವುದನ್ನು ಧೋಂಡಿಯ ಚೆನ್ನಾಗಿ ಕಲಿತಿದ್ದ. ಕುದುರೆಯ ಹಿಂದೆ ಇದ್ದ ಬಕ್ಷಿ, ಮುತ್ಸದ್ದಿ, ಕಣಜ ಇವನ್ನು ಜೊತೆಗೆ ಹೊತ್ತು ತರುವಂತಿರಲಿಲ್ಲ. ಆದ್ದರಿಂದ ಅವನ ದಂಡು ಹೋದ ಕಡೆಯ ಊರೇ ಅವನಿಗೆ ಬೊಕ್ಕಸ, ಊರೇ ಕಣಜ. ಬಿದನೂರು ಸೀಮೆಯಿಂದ ಅವನು ಭಾರಿ ಮೊತ್ತದ ಕಪ್ಪ ವಸೂಲು ಮಾಡಿದ, ಕೊಡದವರಿಗೆ ಕರುಣೆ ತೋರಲಿಲ್ಲ ಎಂದು ಇಂಗ್ಲಿಷರು ಬರೆದಿಟ್ಟಿದ್ದಾರೆ. ಶತ್ರು ಬರೆದದ್ದು ಎಂದು ಅದನ್ನು ಅರ್ಧಕ್ಕೆ ಇಳಿಸಿ. ಆದರೂ 150 ಕ್ವಿಂಟಾಲ್ ಹುರುಳಿ ಯಾರದೋ ಮನೆಯ ಹಗೇವಿನಿಂದಲೇ ಬರಬೇಕಲ್ಲ? ಈ ಸೀಮೆಯ ರೈತ ಆ ವರ್ಷ ದಿವಾನರ ಅಮಲ್ದಾರನಿಗೂ ಕೊಡಬೇಕು, ಧೋಂಡಿಯನಿಗೂ ಕೊಡಬೇಕು. ಹೊಳೆಯಾಚೆ ಇದ್ದವನಿಗೆ ಮರಾಠರ ಪಾಲು ಬೇರೆ. ನಮ್ಮ ಮುತ್ತಜ್ಜಂದಿರ ಮುತ್ತಜ್ಜಂದಿರು ಆ ರೈತರೇ ಆಗಿರಬೇಕು.

ಅವನು ಲೂಟಿಕೋರ ಎನ್ನುವವರೂ ಇದ್ದಾರೆ, ಮೊದಲ ಸ್ವಾತಂತ್ರ್ಯ ಹೋರಾಟಗಾರ ಎನ್ನುವವರೂ ಇದ್ದಾರೆ. ಲೂಟಿಕೋರ ಎಂದವರು ಮೇ 4ರ ರಾತ್ರಿ ಶ್ರೀರಂಗಪಟ್ಟಣದಲ್ಲಿ ಏನಾಯಿತೆಂದು ನೋಡಬೇಕು. ಕವಾಯತು ಕಲಿತ, ಸಂಬಳ ತಿನ್ನುವ ಇಂಗ್ಲಿಷರ ಸೈನ್ಯ ಇಡೀ ಪಟ್ಟಣವನ್ನು ಸುಲಿಯಿತು. ಅದನ್ನು ನಿಲ್ಲಿಸಲು ಮರುದಿನ ಕರ್ನಲ್ ಆರ್ಥರ್ ವೆಲ್ಲೆಸ್ಲಿ ತನ್ನದೇ ನಾಲ್ವರು ಸಿಪಾಯಿಗಳನ್ನು ಗಲ್ಲಿಗೆ ಹಾಕಬೇಕಾಯಿತು, ಹಲವರಿಗೆ ಛಡಿ ಏಟು ಹಾಕಿಸಬೇಕಾಯಿತು. ವೀರ ಎಂದಷ್ಟೇ ಹೇಳುವವರು ಆ ಹಗೇವಿನ ಹುರುಳಿಯ ಮಾತನ್ನು ಎತ್ತುವುದಿಲ್ಲ. ನನ್ನ ಮಟ್ಟಿಗೆ ಅವನು ವೀರ ಹೌದು. ಅವನ ವೀರತನದ ಖರ್ಚನ್ನು ಕೊಟ್ಟವರು ಮಾತ್ರ ಬೇರೆ.

ಶಿಸ್ತಿನ ವಿಷಯಕ್ಕೆ ಬಂದರೆ, ಸಂಬಳವಿಲ್ಲದ ದಂಡಿನಲ್ಲಿ ಶಿಸ್ತು ಇರುವುದಿಲ್ಲ ಎಂದು ಸುಲಭವಾಗಿ ಹೇಳಿಬಿಡಬಹುದು. ನಡೆದದ್ದು ಅಷ್ಟು ಸರಳವಾಗಿಲ್ಲ. 1799ರ ಜುಲೈ, ಆಗಸ್ಟ್ ತಿಂಗಳಲ್ಲಿ, ಹೊಳೆ ತುಂಬಿ ಹರಿಯುವಾಗ, ಚಿತ್ರದುರ್ಗದ ಕಡೆಯಿಂದ ಕರ್ನಲ್ ಡಾಲ್ರಿಂಪಲ್, ಇನ್ನೊಂದು ಕಡೆಯಿಂದ ಕರ್ನಲ್ ಸ್ಟೀವನ್ಸನ್ ಅವನ ಬೆನ್ನು ಹತ್ತಿದರು. ಡಾಲ್ರಿಂಪಲ್ ತುಂಗಭದ್ರೆ ದಾಟಿ ಹೊನ್ನಾಳಿ ಕೋಟೆಯನ್ನು ಹಿಡಿದ. ಶಿವಮೊಗ್ಗ ಹೋಯಿತು. ಆಗಸ್ಟ್ 17ರಂದು ಶಿಕಾರಿಪುರದ ಹತ್ತಿರ ಧೋಂಡಿಯನೇ ಸೋತ. ಗಡಿ ದಾಟಿ ಮರಾಠರ ಸೀಮೆಗೆ ಹೋದರೆ ಅಲ್ಲಿ ಹಳೆಯ ವೈರಿ ಗೋಖಲೆ ಕಾದಿದ್ದು ಮೇಲೆ ಬಿದ್ದು ಉಳಿದದ್ದನ್ನೂ ಕಿತ್ತುಕೊಂಡ. ಲೂಟಿಗೆಂದೇ ಸೇರಿದ ಗುಂಪಾಗಿದ್ದರೆ ಅಲ್ಲಿಗೇ ಕಥೆ ಮುಗಿಯಬೇಕಿತ್ತು. ಆರೇಳು ತಿಂಗಳಲ್ಲಿ ಧೋಂಡಿಯ ಮೊದಲಿಗಿಂತ ದೊಡ್ಡ ದಂಡು ಕಟ್ಟಿಕೊಂಡು ಎದ್ದು ನಿಂತ. 1800ರಲ್ಲಿ ರಾಣೆಬೆನ್ನೂರು, ಕುಂದಗೋಳ, ಡಂಬಳ ಕೋಟೆಗಳಲ್ಲಿ ಅವನು ಬಿಟ್ಟುಹೋದ ಸಣ್ಣ ಸಣ್ಣ ತುಕಡಿಗಳು, ಒಡೆಯ ಸಹಾಯಕ್ಕೆ ಬರುವುದಿಲ್ಲ ಎಂದು ಗೊತ್ತಿದ್ದೂ ತೋಪುಗಳ ಎದುರು ನಿಂತು ಕಾದಿದವು. ಹೇಳಿದ ಜಾಗ ಬಿಟ್ಟು ಕದಲದಿರುವುದು ಶಿಸ್ತಲ್ಲದೆ ಮತ್ತೇನು? ಅದು ಹೈದರ, ಟಿಪ್ಪುಗಳ ಪಡೆಯಲ್ಲಿ ಕಲಿತ ಶಿಸ್ತು. ಆ ಪಡೆ ಮುಗಿದು ಒಂದು ವರ್ಷವಾದರೂ ಜನರ ಮೈಯಲ್ಲಿ ಉಳಿದಿತ್ತು.

ಎದುರಿಗಿದ್ದವನು ಆರ್ಥರ್ ವೆಲ್ಲೆಸ್ಲಿ. ಆಗ ಅವನಿಗೆ ವಯಸ್ಸು 31, ನನಗಿಂತ ಚಿಕ್ಕವನು. ಮುಂದೆ 1815ರಲ್ಲಿ ವಾಟರ್ಲೂ ಕಾಳಗದಲ್ಲಿ ನೆಪೋಲಿಯನ್ನನನ್ನು ಸೋಲಿಸಿ ವೆಲ್ಲಿಂಗ್ಟನ್ ಡ್ಯೂಕ್ ಎಂದು ಜಗತ್ತಿಗೆ ಹೆಸರಾದವನು ಇವನೇ. ಬಟೇವಿಯಾದ ಮೇಲೆ ಹೋಗುವ ದಂಡಯಾತ್ರೆಯ ನಾಯಕತ್ವ ಅವನಿಗೆ ಆಗ ಸಿಗುವುದಿತ್ತು. ಧೋಂಡಿಯ ಹೊರಗಿರುವಾಗ ಅವನನ್ನು ಮೈಸೂರಿನಿಂದ ಕಳಿಸಲಾಗದು ಎಂದು ಮದ್ರಾಸಿನ ಸರ್ಕಾರ ಉಳಿಸಿಕೊಂಡಿತು. ಧೋಂಡಿಯ ಎಲ್ಲಿ ಸಿಕ್ಕಿದರೆ ಅಲ್ಲೇ ಮೊದಲು ಕಂಡ ಮರಕ್ಕೆ ನೇತುಹಾಕಬೇಕೆಂಬ ಅರ್ಥದ ಆಜ್ಞೆಯೂ ಮದ್ರಾಸಿನಿಂದ ಬಂತು.

ವೆಲ್ಲೆಸ್ಲಿ ಬಹಳ ದೊಡ್ಡ ಶೂರ ಎಂದು ನನಗೆ ಅನ್ನಿಸುವುದಿಲ್ಲ. ಅವನು ದೊಡ್ಡ ಲೆಕ್ಕಿಗ. ಆ ಕಾಲದ ಅವನ ಪತ್ರಗಳಲ್ಲಿ ಶತ್ರುವಿಗಿಂತ ಹೆಚ್ಚಾಗಿ ಬರುವುದು ಅಕ್ಕಿ, ಎತ್ತು, ದೋಣಿ. ಹೊಳೆ ಎಷ್ಟು ಏರಿದೆ, ಎತ್ತುಗಳು ದಿನಕ್ಕೆ ಎಷ್ಟು ದೂರ ನಡೆಯಬಲ್ಲವು, ಅಕ್ಕಿ ಎಷ್ಟು ದಿನಕ್ಕೆ ಆಗುತ್ತದೆ. ಇದು ತಿಳಿದ ಮೇಲೆಯೇ ದಂಡು ಹೊರಡಬೇಕು. ಟಿಪ್ಪು ಸಾಕಿ ಬೆಳೆಸಿದ ಅಮೃತ ಮಹಲ್ ತಳಿಯ ಎತ್ತುಗಳು ಈಗ ಇಂಗ್ಲಿಷರ ತೋಪು ಎಳೆದವು. ಇದನ್ನು ಓದುವಾಗ ನನಗೆ ಯಾಕೋ ಸಂಕಟವಾಗುತ್ತದೆ. ಹಿಂದಿನಿಂದ ದವಸ, ಸವಾರರನ್ನು ಒದಗಿಸಿಕೊಡುತ್ತಿದ್ದವರು ಒಂದು ಕಾಲಕ್ಕೆ ಟಿಪ್ಪುವಿನ ಲೆಕ್ಕ ನೋಡಿಕೊಂಡಿದ್ದ ಅದೇ ಪೂರ್ಣಯ್ಯನವರು. ಧೋಂಡಿಯ ಹೊತ್ತು ತರಲಾಗದೆ ಬಿಟ್ಟು ಬಂದ ವ್ಯವಸ್ಥೆ ಹಾಗೆಯೇ ಎದುರಾಳಿಯ ಕೈಗೆ ಹೋಗಿತ್ತು.

ಇನ್ನೊಂದು ಮಾತು ನ್ಯಾಮತಿಯ ಕಡೆಯವರಿಗಾಗಿ. ಲಂಬಾಣಿಗರ ಸಂತ ಸೇವಾಲಾಲರು ಹುಟ್ಟಿದ್ದು ನ್ಯಾಮತಿ ತಾಲೂಕಿನ ಸೂರಗೊಂಡನಕೊಪ್ಪದಲ್ಲಿ, ಇದೇ ಹದಿನೆಂಟನೇ ಶತಮಾನದಲ್ಲಿ. ಅಲ್ಲಿಯ ಜಾತ್ರೆಗೆ ದೇಶದ ಮೂಲೆ ಮೂಲೆಯಿಂದ ಜನ ಬರುವುದನ್ನು ನಾವೆಲ್ಲ ನೋಡಿದ್ದೇವೆ. ಆ ಕಾಲದಲ್ಲಿ ಲಂಬಾಣಿಗರ ಕಸುಬು ಹೇರೆತ್ತುಗಳ ಮೇಲೆ ದವಸ, ಉಪ್ಪು ಸಾಗಿಸುವುದು. ಮೊಗಲರಿರಲಿ, ಮರಾಠರಿರಲಿ, ಮೈಸೂರಿನವರಿರಲಿ, ಇಂಗ್ಲಿಷರಿರಲಿ, ದಕ್ಷಿಣದಲ್ಲಿ ದಂಡು ನಡೆಸುವವರೆಲ್ಲ ಅವರ ಎತ್ತುಗಳ ದಾರಿ ಕಾಯುತ್ತಿದ್ದರು. ಅವರು ಸರ್ಕಾರದ ನೌಕರರಲ್ಲ, ವ್ಯಾಪಾರಿಗಳು. ದಂಡಿನ ಬಜಾರಿಗೆ ದವಸ ತಂದು ಮಾರುತ್ತಿದ್ದರು. ಬಜಾರಿನಲ್ಲಿ ಸಿಪಾಯಿ ಕಿತ್ತುಕೊಂಡರೆ ಅವರು ಮರುದಿನ ಬರುವುದಿಲ್ಲ, ದಂಡು ಉಪವಾಸ. ವೆಲ್ಲೆಸ್ಲಿ ತನ್ನ ಪಡೆಯ ಸುಲಿಗೆಕೋರರ ಮೇಲೆ ಅಷ್ಟು ಕಠಿಣವಾಗಿದ್ದುದರ ಹಿಂದೆ ದಯೆಗಿಂತ ಈ ಲೆಕ್ಕ ಹೆಚ್ಚು ಇತ್ತು. ದುಡ್ಡು ಕೊಟ್ಟು ಕೊಳ್ಳುವ ದಂಡಿಗೆ ದವಸ ತಾನಾಗಿ ಬರುತ್ತದೆ. ಕಿತ್ತುಕೊಂಡು ತಿನ್ನುವ ದಂಡು ದವಸ ಇದ್ದಲ್ಲಿಗೆ ತಾನೇ ಓಡಬೇಕು. 1800ರ ಬೇಸಿಗೆಯಿಂದ ಧೋಂಡಿಯ ಮಾಡಿದ್ದು ಅದನ್ನೇ.

ಆ ವರ್ಷ ತಮ್ಮ ಸೀಮೆಯೊಳಗೆ ಬಂದು ಅವನನ್ನು ಹಿಡಿಯಲು ಮರಾಠರು ಇಂಗ್ಲಿಷರಿಗೆ ಒಪ್ಪಿಗೆ ಕೊಟ್ಟರು. ಅಲ್ಲಿಗೆ ಗಡಿ ದಾಟಿ ಉಸಿರು ಬಿಡುವ ದಾರಿ ಮುಚ್ಚಿತು. ಜೂನ್ ತಿಂಗಳ ಮಳೆಯಲ್ಲಿ ವೆಲ್ಲೆಸ್ಲಿ ಹರಿಹರಕ್ಕೆ ಬಂದ. ಈಗ ನಾವು ಬಸ್ಸಿನಲ್ಲಿ ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ದಾಟುವ ತುಂಗಭದ್ರೆಯನ್ನು ಅವನ ದಂಡು ಹರಿಗೋಲುಗಳಲ್ಲಿ, ಎತ್ತು, ತೋಪು, ಅಕ್ಕಿ ಚೀಲಗಳ ಸಮೇತ ದಾಟಲು ದಿನಗಳೇ ಹಿಡಿದವು. ಜೂನ್ 27ರಂದು ರಾಣೆಬೆನ್ನೂರು ಬಿತ್ತು. ಮೂರು ದಿನ ಕಳೆದು, ಜೂನ್ 30ರಂದು, ಧೋಂಡಿಯ ಬೇರೆ ದಿಕ್ಕಿನಲ್ಲಿ ಹಳೆಯ ಲೆಕ್ಕ ಚುಕ್ತಾ ಮಾಡಿದ: ಕಿತ್ತೂರಿನ ಸೀಮೆಯಲ್ಲಿ ಧೋಂಡೋಪಂತ ಗೋಖಲೆಯ ಪಡೆಯ ಮೇಲೆ ಎರಗಿ ಅವನನ್ನು ಕೊಂದ. ಗೋಖಲೆಯ ರಕ್ತದಿಂದ ಮೀಸೆಗೆ ಬಣ್ಣ ಹಚ್ಚಿಕೊಳ್ಳುವ ಶಪಥ ಮಾಡಿದ್ದನೆಂದೂ ಅದನ್ನು ತೀರಿಸಿಕೊಂಡನೆಂದೂ ಕಥೆ ಹುಟ್ಟಿತು. ಅವನ ಹೆಸರಿನ ಹುಲಿಗೆ ಆ ಕಥೆ ಹೊಂದುತ್ತದೆ.

ಅದು ಅವನ ಕೊನೆಯ ದೊಡ್ಡ ಗೆಲುವು. ಜುಲೈ ತಿಂಗಳಲ್ಲಿ ಸವಣೂರು, ಕುಂದಗೋಳ, ಡಂಬಳ ಒಂದೊಂದಾಗಿ ಹೋದವು. ಕೋಟೆ ಹೋಯಿತೆಂದರೆ ನಾಲ್ಕು ಗೋಡೆ ಹೋದ ಹಾಗಲ್ಲ. ಅದರೊಳಗಿನ ಕಣಜ ಹೋಯಿತು, ಸುತ್ತಲಿನ ಹಳ್ಳಿಗಳ ವಸೂಲಿ ಹೋಯಿತು. ಜುಲೈ 30ರಂದು ಮಲಪ್ರಭೆಯ ದಂಡೆಯ ಮುನವಳ್ಳಿಯ ಹತ್ತಿರ ಅವನ ಬಿಡಾರದ ಒಂದು ಭಾಗ ಹೊಳೆ ದಾಟದೆ ಈಚೆ ದಡದಲ್ಲೇ ಉಳಿದಿತ್ತು. ಧೋಂಡಿಯ ಆಚೆ ಇದ್ದ. ವೆಲ್ಲೆಸ್ಲಿಯ ಸವಾರರು ಅದರ ಮೇಲೆ ಬಿದ್ದರು. ಸಾವಿರಾರು ಜನ ಹೊಳೆಗೆ ಹಾರಿ ಮುಳುಗಿದರು. ಆನೆ, ಒಂಟೆ, ಎತ್ತು, ಸಾಮಾನು ಎಲ್ಲ ಹೋಯಿತು. ಆಚೆ ದಡದಲ್ಲಿದ್ದ ತೋಪುಗಳನ್ನೂ ಈಜಿ ಹೋಗಿ ದೋಣಿ ತಂದವರು ಹಿಡಿದರು. ಆ ಬಿಡಾರದಲ್ಲಿ ಹೆಂಗಸರು, ಮಕ್ಕಳು, ಅಂಗಡಿಯವರು ಇದ್ದರು. ದಂಡೆಂದರೆ ಬರೀ ಸವಾರರಲ್ಲ, ನಡೆದಾಡುವ ಒಂದು ಊರು. ಹರಿಗೋಲುಗಳನ್ನು ಮೊದಲೇ ಲೆಕ್ಕ ಹಾಕಿ ಇಟ್ಟುಕೊಂಡವನೂ ಹೊಳೆ ಬಂದಾಗ ದೋಣಿ ಹುಡುಕುವವನೂ ಎದುರೆದುರಾದರೆ ಏನಾಗುತ್ತದೆ ಎಂಬುದು ಆ ದಿನ ಮಲಪ್ರಭೆಯ ದಂಡೆಯಲ್ಲಿ ಕಂಡಿತು.

ಆಮೇಲೆ ಆರು ವಾರ ಬರೀ ಓಟ. ಹೊಳೆಯ ಮೇಲ್ಭಾಗದ ಕಾಡಿನ ದಾರಿ ಹಿಡಿದು ಸುತ್ತಿ ಬಳಸಿ ಧೋಂಡಿಯ ತಪ್ಪಿಸಿಕೊಂಡ. ಸ್ಟೀವನ್ಸನ್ ಒಂದು ಕಡೆ, ವೆಲ್ಲೆಸ್ಲಿ ಇನ್ನೊಂದು ಕಡೆ, ಮರಾಠರು, ನಿಜಾಮನ ಸವಾರರು ಮತ್ತೊಂದು ಕಡೆ. ಕಾಲಾಳು, ತೋಪು ಒಂದೂ ಉಳಿಯಲಿಲ್ಲ, ಸವಾರರಷ್ಟೇ ಉಳಿದರು. ಓಡುವ ದಂಡು ಒಂದು ಊರಿನಲ್ಲಿ ಎರಡು ದಿನ ನಿಲ್ಲುವಂತಿಲ್ಲ. ನಿಲ್ಲದ ದಂಡಿಗೆ ವಸೂಲಿ ಇಲ್ಲ. ವಸೂಲಿ ಇಲ್ಲದ ಒಡೆಯನ ಹಿಂದೆ ಹೊಸಬರು ಬರುವುದಿಲ್ಲ. ಆದರೂ 5,000 ಜನ ಕೊನೆಯವರೆಗೂ ಅವನ ಜೊತೆ ಇದ್ದರು. ಹಂಚಲು ಏನೂ ಉಳಿದಿರದಿದ್ದರೂ ಇದ್ದರು. ಇವರನ್ನು ಹಿಡಿದಿಟ್ಟದ್ದು ಯಾವ ಕೈಪಿಡಿಯ ಶಿಸ್ತೂ ಅಲ್ಲ, ಅವನ ಮೇಲಿನ ನಂಬಿಕೆ ಎಂದೇ ನಾನು ತಿಳಿದಿದ್ದೇನೆ.

1800ರ ಸೆಪ್ಟೆಂಬರ್ 10ರಂದು, ಕೃಷ್ಣಾ ತುಂಗಭದ್ರೆಗಳ ನಡುವೆ ನಿಜಾಮನ ಸೀಮೆಯ ಕೋನಗಲ್ಲು ಎಂಬ ಹಳ್ಳಿಯ ಹತ್ತಿರ ಇಬ್ಬರೂ ಎದುರೆದುರಾದರು. ವೆಲ್ಲೆಸ್ಲಿ ಅಷ್ಟು ಹತ್ತಿರ ಇದ್ದಾನೆಂದು ಧೋಂಡಿಯನಿಗೆ ತಿಳಿದಿರಲಿಲ್ಲ. ತಿಳಿದ ಮೇಲೆ ಓಡಲಿಲ್ಲ. ಹಳ್ಳಿಯನ್ನೂ ಬಂಡೆಗುಡ್ಡವನ್ನೂ ಆಸರೆ ಮಾಡಿಕೊಂಡು ಸಾಲು ಕಟ್ಟಿ ನಿಂತ. ವೆಲ್ಲೆಸ್ಲಿಯ ಹತ್ತಿರ ಇದ್ದದ್ದು ನಾಲ್ಕು ಕುದುರೆ ರೆಜಿಮೆಂಟುಗಳು, ಎರಡು ಗೋರರದ್ದು, ಎರಡು ನಮ್ಮವರದ್ದು. ಜನ ಕಡಿಮೆ ಇದ್ದುದರಿಂದ ಎಲ್ಲರನ್ನೂ ಒಂದೇ ಉದ್ದ ಸಾಲಿನಲ್ಲಿ ನಿಲ್ಲಿಸಿ, ತಾನೇ ಮುಂದೆ ನಿಂತು ನುಗ್ಗಿಸಿದ. ಬಹಳ ಹೊತ್ತು ಹಿಡಿಯಲಿಲ್ಲ. ಧೋಂಡಿಯ ಸತ್ತ. ಅವನ ದೇಹವನ್ನು ಗುರುತು ಹಿಡಿದು, ತೋಪಿನ ಗಾಡಿಯ ಮೇಲೆ ಕಟ್ಟಿ ಇಂಗ್ಲಿಷರ ಬಿಡಾರಕ್ಕೆ ತಂದರು. ಮದ್ರಾಸಿನವರ ಮರದ ಆಜ್ಞೆಗೆ ಕೆಲಸವಿಲ್ಲದಾಯಿತು. ಅವನು ಕುದುರೆಯ ಮೇಲೇ ಸತ್ತಿದ್ದ.

ಹಿಡಿದ ಸಾಮಾನಿನ ನಡುವೆ ನಾಲ್ಕು ವರ್ಷದ ಒಬ್ಬ ಹುಡುಗ ಸಿಕ್ಕಿದ. ಹೆಸರು ಸಲಾಬತ್ ಖಾನ್, ಧೋಂಡಿಯನ ಸಾಕುಮಗ. ವೆಲ್ಲೆಸ್ಲಿ ಅವನನ್ನು ತನ್ನ ಡೇರೆಗೆ ಕರೆತಂದು ನೋಡಿಕೊಂಡ. 1805ರಲ್ಲಿ ಇಂಗ್ಲೆಂಡಿಗೆ ವಾಪಸು ಹೋಗುವಾಗ ಹುಡುಗನ ಖರ್ಚಿಗೆಂದು ಹಣ ಇಟ್ಟು ಹೋದ. ಸಲಾಬತ್ ಬೆಳೆದು ಮೈಸೂರು ಮಹಾರಾಜರ ಚಾಕರಿಗೆ ಸೇರಿದ, ತಿಂಗಳ ಸಂಬಳ ಬರುವ ಚಾಕರಿ. 1822ರಲ್ಲಿ ಕಾಲರಾ ಬಂದು ತೀರಿಕೊಂಡ.